ಕೆರೆ, ಮದಗ, ಕಲ್ಲುಕೋರೆಯ ತಳ ಕಡಲಿನಂತಲ್ಲ: ಸ್ಕೂಬಾ ಮುಳುಗುತಜ್ಞರ ಕೆಲಸ ಹೇಗೆ ನಡೆಯುತ್ತದೆ? ಇಲ್ಲಿದೆ ಪೂರ್ಣ ಮಾಹಿತಿ

ಕುಂದಾಪುರ: ಕೋಡಿಯ ಒಂದು ಬದಿಗೆ ಅರಬ್ಬಿ ಕಡಲು, ಇನ್ನೊಂದು ಬದಿಗೆ ಪಂಚಗಂಗಾವಳಿ ಹೊಳೆ. ಅಳಿವೆಯ ಆಚೆ ದಡ ಗಂಗೊಳ್ಳಿ. ಕಡಲಿನ ಅಬ್ಬರ, ಅಳಿವೆಯ ಸೆಳೆತ ಇಲ್ಲಿನವರಿಗೆ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದು ಅಂತ ಮಕ್ಕಳಿಗೂ ಗೊತ್ತು. ಆದರೆ ಅಲೆಯೇ ಇಲ್ಲದ ಕೆರೆ, ಮದಗ, ನೀರು ತುಂಬಿದ ಕಲ್ಲುಕೋರೆ ಕಂಡಾಗ ಆ ಹೆದರಿಕೆ ಬರುವುದಿಲ್ಲ. ನೀರು ಸುಮ್ಮನೆ ನಿಂತಿದೆಯಲ್ಲ, ಎಂತ ಆಗ್ತದೆ ಎಂಬ ಧೈರ್ಯ.

ಅವಘಡ ಆದ ಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ 'ಮುಳುಗುತಜ್ಞರು ಬಂದ್ರಾ?' ಎರಡನೆಯ ಪ್ರಶ್ನೆ 'ಸಿಲಿಂಡರ್ ಹಾಕಿಕೊಂಡು ಇಳಿದ್ರೂ ಇಷ್ಟು ಹೊತ್ತು ಯಾಕೆ?' ಈ ಎರಡನೆಯ ಪ್ರಶ್ನೆಗೆ ಉತ್ತರ ನಿಂತ ನೀರಿನ ತಳದಲ್ಲೇ ಇದೆ. ಸಿಲಿಂಡರ್ ಕೊಡುವುದು ಉಸಿರನ್ನು ಮಾತ್ರ, ಕಣ್ಣನ್ನಲ್ಲ. ನಮ್ಮ ಬಹುಪಾಲು ಕೆರೆ, ಹೊಳೆಗಳಲ್ಲಿ ಮುಳುಗುತಜ್ಞ ಕೆಲಸ ಮಾಡುವುದು ಕೈಯ ಸ್ಪರ್ಶ ಮತ್ತು ಒಂದು ಹಗ್ಗದ ನಂಬಿಕೆಯ ಮೇಲೆ.

ಸ್ಕೂಬಾ ಅಂದ್ರೆ ಎಂತ?

ನೀರಿನಡಿಯಲ್ಲಿ ಉಸಿರಾಡಲು ಬೇಕಾದ ಗಾಳಿಯನ್ನು ಮುಳುಗುವವನೇ ಬೆನ್ನ ಮೇಲೆ ಹೊತ್ತುಕೊಂಡು ಹೋಗುವ ವ್ಯವಸ್ಥೆಗೆ ಸ್ಕೂಬಾ ಎನ್ನುತ್ತಾರೆ. ಇಂದಿನ ರೂಪಕ್ಕೆ ಬುನಾದಿ ಹಾಕಿದವರು ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ. 1943ರಲ್ಲಿ ಅವರು ರೂಪಿಸಿದ 'ಅಕ್ವಾಲಂಗ್' ಸಾಧನ, ಉಸಿರು ಎಳೆದಾಗ ಮಾತ್ರ ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತಿತ್ತು. ಈಗಿನ ರೆಗ್ಯುಲೇಟರ್ ಮಾಡುವುದೂ ಅದೇ ಕೆಲಸ.

ಜನ ಇದನ್ನು 'ಆಕ್ಸಿಜನ್ ಸಿಲಿಂಡರ್' ಎಂದು ಕರೆಯುವುದುಂಟು. ಅದು ತಪ್ಪು. ಸಾಮಾನ್ಯ ಸ್ಕೂಬಾ ಸಿಲಿಂಡರಿನಲ್ಲಿ ಇರುವುದು ನಾವು ಉಸಿರಾಡುವ ಗಾಳಿಯೇ, ಸೋಸಿ ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಆದರೆ ಸುಮಾರು 6 ಮೀಟರ್ ಆಳ ದಾಟಿದ ಮೇಲೆ ಅದೇ ವಿಷದಂತಾಗಿ ಫಿಟ್ಸ್ ಬರಿಸಬಹುದು. ಹಾಗಾಗಿ ಆಸ್ಪತ್ರೆಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಸಾಹಸ ಯಾರೂ ಮಾಡಬಾರದು.

ಸಿಲಿಂಡರ್, ರೆಗ್ಯುಲೇಟರ್ ಜೊತೆಗೆ ಮಾಸ್ಕ್, ಕಾಲಿಗೆ ಫಿನ್, ತೇಲುವುದನ್ನು ಹದ ಮಾಡುವ ಗಾಳಿ ಜಾಕೆಟ್, ಸೀಸದ ತೂಕದ ಬೆಲ್ಟ್, ಆಳ ಮತ್ತು ಗಾಳಿ ತೋರಿಸುವ ಮೀಟರ್ ಇರುತ್ತವೆ. ಕೆಸರು ನೀರಿನಲ್ಲಿ ಕೆಲಸ ಮಾಡುವವರಿಗೆ ಇನ್ನೂ ಎರಡು ಬೇಕೇ ಬೇಕು. ಒಂದು ಸೊಂಟದ ಹಗ್ಗ, ಇನ್ನೊಂದು ಹಗ್ಗ, ಬಲೆ ಕತ್ತರಿಸುವ ಚೂರಿ.

ಒಂದು ಸಿಲಿಂಡರ್ ಎಷ್ಟು ಹೊತ್ತು ಬರ್ತದೆ?

ಇದಕ್ಕೆ ಒಂದೇ ಉತ್ತರ ಇಲ್ಲ. ಆಳಕ್ಕೆ ಹೋದಷ್ಟು ಗಾಳಿ ಬೇಗ ಮುಗಿಯುತ್ತದೆ. ನೀರಿನಲ್ಲಿ ಪ್ರತಿ 10 ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒಂದು ಉಸಿರಿಗೆ ಮೇಲಿನ ಎರಡರಷ್ಟು ಗಾಳಿ ಬೇಕು, 20 ಮೀಟರಿನಲ್ಲಿ ಮೂರರಷ್ಟು.

12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಒಟ್ಟು 2,400 ಲೀಟರ್ ಗಾಳಿ ಆಯಿತು. ಅದರಲ್ಲಿ 50 ಬಾರ್ ಅನ್ನು ಆಪತ್ತಿಗೆಂದು ಉಳಿಸಿಕೊಳ್ಳುವುದು ರೂಢಿ. ಬಳಸಲು ಸಿಗುವುದು 1,800 ಲೀಟರ್. ಸಮಾಧಾನದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಲೆಕ್ಕ ಹೀಗೆ:

10 ಮೀಟರ್ ಆಳದಲ್ಲಿ: ಸುಮಾರು 45 ನಿಮಿಷ
20 ಮೀಟರ್ ಆಳದಲ್ಲಿ: ಸುಮಾರು 30 ನಿಮಿಷ

ಸೆಳೆತದ ವಿರುದ್ಧ ಈಜಿದರೆ, ಬಳ್ಳಿಗೆ ಸಿಕ್ಕಿ ಗಾಬರಿಯಾದರೆ ಉಸಿರು ಎರಡು ಪಟ್ಟಾಗಿ ಈ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ದಡದಲ್ಲಿ ನಿಂತವರಿಗೆ 'ಈಗಷ್ಟೇ ಇಳಿದವರು ಮೇಲೆ ಬಂದ್ರಲ್ಲ' ಅನ್ನಿಸುವುದು ಈ ಕಾರಣಕ್ಕೆ.

ಕಡಲಿಗೂ ಕೆರೆಗೂ ವ್ಯತ್ಯಾಸ

ನಮ್ಮ ಕರಾವಳಿಯಲ್ಲಿ ಸ್ಕೂಬಾ ಅಂದ ಕೂಡಲೇ ನೆನಪಾಗುವುದು ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ದ್ವೀಪದ ಸುತ್ತ ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಗಿ, ಹವಳ, ಮೀನು ಕಣ್ಣಿಗೆ ಕಾಣುತ್ತವೆ. ಅಲ್ಲಿ ತರಬೇತುದಾರರ ಕೈ ಹಿಡಿದು ಒಮ್ಮೆ ಇಳಿದು ಬಂದವರು 'ನಮಗೆ ಡೈವಿಂಗ್ ಬರ್ತದೆ' ಎಂದುಕೊಂಡು ಊರಿನ ಕೆರೆಗೆ ಇಳಿದರೆ ಕಷ್ಟ. ಯಾಕೆಂದರೆ:

ತೇಲುವ ಲೆಕ್ಕ ಬೇರೆ: ಒಂದು ಲೀಟರ್ ಕಡಲ ನೀರು ಸುಮಾರು 1.025 ಕೆ.ಜಿ. ತೂಗುತ್ತದೆ, ಸಿಹಿ ನೀರು 1 ಕೆ.ಜಿ. ಹಾಗಾಗಿ ಸಿಹಿ ನೀರು ನಮ್ಮನ್ನು ಕಡಿಮೆ ತೇಲಿಸುತ್ತದೆ. ಸಲಕರಣೆ ಸೇರಿ 100 ಕೆ.ಜಿ. ಇರುವ ಮುಳುಗುತಜ್ಞ ಕಡಲಿನ ತೂಕದ ಬೆಲ್ಟಿನಲ್ಲೇ ಕೆರೆಗೆ ಇಳಿದರೆ ಅವನಿಗೆ ಸುಮಾರು ಎರಡೂವರೆ ಕೆ.ಜಿ. ಭಾರ ಹೆಚ್ಚಾದಂತೆ. ನೇರ ಕೆಸರಿನ ಮೇಲೆ ಹೋಗಿ ಕೂರುತ್ತಾನೆ.

ತಳ ಎಂಬುದೇ ಗಟ್ಟಿ ಇಲ್ಲ: ಕೆರೆಯ ತಳದಲ್ಲಿ ವರ್ಷಗಟ್ಟಲೆ ಕೊಳೆತ ಎಲೆ, ಮಣ್ಣು ಸೇರಿ ಮೆತ್ತಗಿನ ಹೂಳು ಕೂತಿರುತ್ತದೆ. ಕಾಲು ತಾಗಿದರೆ ಒಳಗೆ ಇಳಿಯುತ್ತದೆ. ಫಿನ್ ಒಮ್ಮೆ ಬೀಸಿದರೆ ಹೂಳೆದ್ದು ಕೈಯಲ್ಲಿರುವ ಮೀಟರ್ ಕೂಡ ಕಾಣುವುದಿಲ್ಲ. ಎದ್ದ ಹೂಳು ನಿಂತ ನೀರಿನಲ್ಲಿ ಬೇಗ ಕೂರುವುದೂ ಇಲ್ಲ.

ಟಾರ್ಚ್ ಪ್ರಯೋಜನಕ್ಕೆ ಬರುವುದಿಲ್ಲ: ಆಗುಂಬೆ ಘಾಟಿಯ ಮಂಜಿನಲ್ಲಿ ಗಾಡಿಯ ಹೈಬೀಮ್ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಕೆಸರು ನೀರಿನಲ್ಲಿ ಟಾರ್ಚ್ ಹಾಕಿದರೂ ಹಾಗೆಯೇ.

ಅಡಿಯಲ್ಲಿ ತಣ್ಣಗೆ: ಬಿಸಿಲಿಗೆ ಮೇಲಿನ ನೀರು ಬೆಚ್ಚಗಿದ್ದರೂ ಆಳದ ಕೋರೆಯಲ್ಲಿ ಕೆಳಗಿನ ಪದರ ತಣ್ಣಗಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಈಜುವವರಿಗೆ ಸ್ನಾಯು ಸೆಳೆತ, ಏದುಸಿರು ಶುರುವಾಗುವುದು ಇಂಥ ಕಡೆ.

ಅಳಿವೆಯಲ್ಲಿ ಇನ್ನೊಂದು ತೊಡಕು: ಹೊಳೆಯ ಸಿಹಿ ನೀರು ಹಗುರ, ಅದು ಮೇಲೆ ಹರಿಯುತ್ತದೆ. ಉಬ್ಬರದ ಉಪ್ಪು ನೀರು ಕೆಳಗಿನಿಂದ ನುಗ್ಗುತ್ತದೆ. ಎರಡೂ ಸೇರುವ ಪದರದಲ್ಲಿ ನೋಟ ಮಸುಕಾಗುತ್ತದೆ. ಮೇಲೊಂದು ದಿಕ್ಕು, ಕೆಳಗೊಂದು ದಿಕ್ಕಿನ ಸೆಳೆತವೂ ಇರಬಹುದು.

ಕಲ್ಲುಕೋರೆ ಯಾಕೆ ಹೆಚ್ಚು ಅಪಾಯ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದಲ್ಲಿ ಕೆಂಪುಕಲ್ಲು ತೆಗೆದ ಹಳೆಯ ಕೋರೆಗಳು ಮಳೆಗಾಲದಲ್ಲಿ ತುಂಬುತ್ತವೆ. ಕೆರೆಗೆ ಇಳಿಜಾರು ದಡ ಇರುತ್ತದೆ. ದೇವಸ್ಥಾನದ ಕೆರೆಗೆ ಮೆಟ್ಟಿಲು ಇರುತ್ತದೆ. ಕೋಟೇಶ್ವರದ ಕೋಟಿತೀರ್ಥದಂಥ ದೊಡ್ಡ ಪುಷ್ಕರಿಣಿಯಲ್ಲೂ ಇಳಿಯಲು, ಹತ್ತಲು ದಾರಿ ಇದೆ. ಕೋರೆಗೆ ಅದು ಎರಡೂ ಇಲ್ಲ. ಯಂತ್ರದಲ್ಲಿ ಕೊಯ್ದ ಗೋಡೆ ನೆಟ್ಟಗೆ ಇಳಿದಿರುತ್ತದೆ. ದಡದಿಂದ ಒಂದು ಹೆಜ್ಜೆ ಇಟ್ಟರೆ ಆಳುದ್ದಕ್ಕಿಂತ ಹೆಚ್ಚು ನೀರು. ಮೇಲೆ ಬರಲು ಹಿಡಿಯಬೇಕೆಂದರೆ ಪಾಚಿ ಕಟ್ಟಿದ ನುಣುಪು ಕಲ್ಲು ಮಾತ್ರ. ಈಜು ಬರುವವರೂ ಹತ್ತಲಾಗದೆ ಸೋಲುವುದು ಇಲ್ಲಿ.

ಕೋರೆಯ ತಳವೂ ಸಮತಟ್ಟಲ್ಲ. ಕಲ್ಲು ತೆಗೆದ ಮಟ್ಟಗಳು ಮೆಟ್ಟಿಲಿನಂತೆ ಏರುಪೇರಾಗಿರುತ್ತವೆ. ಬಿಟ್ಟು ಹೋದ ಕಲ್ಲು ರಾಶಿ, ಸರಿಗೆ, ತಂದು ಹಾಕಿದ ಕಸ, ಬಿದ್ದ ಮರದ ಗೆಲ್ಲು ಎಲ್ಲವೂ ಇರಬಹುದು. ಹುಡುಕಲು ಇಳಿದವರಿಗೆ ಹಗ್ಗ ಸಿಕ್ಕಿಕೊಳ್ಳುವ ಭಯ ಇಲ್ಲಿ ಜಾಸ್ತಿ.

ತೂಬು, ಕಿಂಡಿ ಅಣೆಕಟ್ಟಿನ ಬಾಯಿಗೆ ಹೋಗಲೇಬಾರದು

ಒಳನಾಡ ನೀರಿನಲ್ಲಿ ಅನುಭವಿ ಮುಳುಗುತಜ್ಞರೂ ಹೆದರುವ ಜಾಗ ಒಂದಿದೆ: ನೀರು ಹೊರಗೆ ಹೋಗುವ ಬಾಯಿ. ಮೇಲಿಂದ ನೋಡಿದರೆ ನೀರು ಅಲುಗಾಡುವುದೂ ಕಾಣುವುದಿಲ್ಲ. ಒಂದು ಲೆಕ್ಕ ಕಾಣಿ: ನೀರಿನ ಮಟ್ಟದಿಂದ 4 ಮೀಟರ್ ಕೆಳಗೆ ಒಂದಡಿ ಚದರದ ಕಿಂಡಿ ತೆರೆದಿದೆ, ಅದರ ಆಚೆ ಬದಿ ಖಾಲಿ ಇದೆ ಎಂದಾದರೆ, ಆ ಕಿಂಡಿಗೆ ಅಡ್ಡ ಬಂದ ಮೈಯನ್ನು ನೀರು ಸುಮಾರು 360 ಕೆ.ಜಿ. ಬಲದಲ್ಲಿ ಒತ್ತಿ ಹಿಡಿಯುತ್ತದೆ. ಮೇಲಿನಿಂದ ಎಳೆದು ಬಿಡಿಸಲು ನಾಲ್ಕು ಜನರಿಂದಲೂ ಆಗುವುದಿಲ್ಲ. ಆದ್ದರಿಂದ ಹುಡುಕಾಟ ಶುರು ಮಾಡುವ ಮೊದಲು ತೂಬು, ಗೇಟು, ಪಂಪು ಬಂದ್ ಮಾಡಿಸುವುದು ಮೊದಲ ನಿಯಮ. ಬಂದ್ ಮಾಡಿದ ಮೇಲೆ ಯಾರೂ ತೆರೆಯದಂತೆ ಅಲ್ಲೊಬ್ಬರು ಕಾವಲು ನಿಲ್ಲಬೇಕು.

ಕಾಣದ ತಳದಲ್ಲಿ ಹುಡುಕುವುದು ಹೇಗೆ?

ಹಿಂದೆ ಬಾವಿಗೆ ಕೊಡಪಾನ ಬಿದ್ದರೆ ಪಾತಾಳಗರಡಿ ಇಳಿಸಿ ತೆಗೆಯುತ್ತಿದ್ದರು. ಹಲವು ಕೊಕ್ಕೆಗಳ ಆ ಕಬ್ಬಿಣದ ಗೊಂಚಲು ಕಣ್ಣಿಗೆ ಕಾಣದ್ದನ್ನು ತಡಕಿ ಹಿಡಿಯುವ ಸಾಧನ. ಇವತ್ತಿಗೂ ದೋಣಿಯಿಂದ ಕೊಕ್ಕೆ ಎಳೆಯುವ ಕ್ರಮ ಉಂಟು. ಮುಳುಗುತಜ್ಞ ಮಾಡುವುದೂ ಒಂದು ರೀತಿಯಲ್ಲಿ ಇದೇ ತಡಕಾಟ, ಆದರೆ ಕ್ರಮಬದ್ಧವಾಗಿ.

ವೃತ್ತ ಹುಡುಕಾಟ: ಕೊನೆಗೆ ಕಂಡ ಜಾಗದಲ್ಲಿ ಭಾರ ಇಳಿಸಿ ಅದಕ್ಕೆ ಹಗ್ಗ ಕಟ್ಟುತ್ತಾರೆ. ಹಗ್ಗ ಬಿಗಿಯಾಗಿ ಹಿಡಿದು ಗಾಣದ ಎತ್ತಿನಂತೆ ಒಂದು ಸುತ್ತು ಬರುವುದು, ಆಮೇಲೆ ಒಂದು ಮಾರು ಹಗ್ಗ ಬಿಟ್ಟು ಇನ್ನೂ ದೊಡ್ಡ ಸುತ್ತು.

ಸಾಲು ಹುಡುಕಾಟ: ತಳದಲ್ಲಿ ಹಗ್ಗ ನೇರ ಎಳೆದು ಅದರ ಗುಂಟ ಕೈಯಾಡಿಸುತ್ತಾ ಹೋಗುವುದು, ತುದಿ ಮುಟ್ಟಿದ ಮೇಲೆ ಹಗ್ಗ ಸರಿಸಿ ವಾಪಸ್ ಬರುವುದು. ಗದ್ದೆ ಉತ್ತಂತೆ, ಒಂದು ಗೆರೆಯೂ ಬಿಡುವಂತಿಲ್ಲ.

ಎರಡರಲ್ಲೂ ದಡದಲ್ಲಿ ಅಥವಾ ದೋಣಿಯಲ್ಲಿ ಹಗ್ಗ ಹಿಡಿದವನ ಪಾತ್ರ ದೊಡ್ಡದು. ನೀರಿನಡಿಯಲ್ಲಿ ಮಾತಿಲ್ಲ. ಶಬ್ದ ಅಲ್ಲಿ ಗಾಳಿಗಿಂತ ನಾಲ್ಕು ಪಟ್ಟು ಬೇಗ ಸಾಗುವುದರಿಂದ ಯಾವ ದಿಕ್ಕಿನಿಂದ ಬಂತು ಎಂದೂ ತಿಳಿಯುವುದಿಲ್ಲ. ಒಂದು ಜಗ್ಗು, ಎರಡು ಜಗ್ಗು, ಮೂರು ಜಗ್ಗು ಎಂದು ಮೊದಲೇ ಮಾಡಿಕೊಂಡ ಸನ್ನೆಯೇ ಮಾತು. ಹಗ್ಗ ಹಿಡಿದವನು ಮೊಬೈಲ್ ನೋಡುತ್ತಾ ನಿಂತರೆ ಕೆಳಗಿದ್ದವನ ಜೀವಕ್ಕೇ ಸಂಚಕಾರ. ಮೊಣಕಾಲು ನೀರಿನಲ್ಲಿ ನಿಂತು ಸುತ್ತುವರಿಯುವ ಜನಜಂಗುಳಿ ಹೂಳು ಎಬ್ಬಿಸಿ, ಹಗ್ಗ ತುಳಿದು ಈ ಕೆಲಸವನ್ನು ಇನ್ನಷ್ಟು ಕಷ್ಟ ಮಾಡುತ್ತದೆ.

ಈಗ ಸೋನಾರ್ ಬಂದಿದೆ. ಶಬ್ದದ ಅಲೆ ಬಿಟ್ಟು ತಳದಲ್ಲಿ ಏನಿದೆ ಎಂದು ಚಿತ್ರ ಬರೆಯುವ ಯಂತ್ರ. ದೊಡ್ಡ ಜಲಾಶಯದಲ್ಲಿ ಇದು ದಿನಗಳ ಕೆಲಸವನ್ನು ಗಂಟೆಗೆ ಇಳಿಸಬಲ್ಲದು. ಆದರೆ ಬಳ್ಳಿ, ಮರದ ಬೊಡ್ಡೆ ತುಂಬಿದ ಸಣ್ಣ ಕೆರೆಯಲ್ಲಿ ಯಂತ್ರಕ್ಕೂ ಗೊಂದಲ. ಕೊನೆಗೆ ಇಳಿಯಬೇಕಾದದ್ದು ಮನುಷ್ಯನೇ.

ಶಿರೂರು ಕಲಿಸಿದ ಪಾಠ

ಜಾಗ ಗೊತ್ತಾಗುವುದಕ್ಕೂ ಅಲ್ಲಿಗೆ ಮುಟ್ಟುವುದಕ್ಕೂ ಇರುವ ಅಂತರವನ್ನು ಇಡೀ ರಾಜ್ಯ ಕಂಡದ್ದು 2024ರಲ್ಲಿ. ಆ ವರ್ಷ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರಲ್ಲಿದ್ದ ಜನ, ವಾಹನ ಗಂಗಾವಳಿ ಹೊಳೆ ಪಾಲಾದವು. ನೌಕಾಪಡೆ, ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್ ಜೊತೆ ಉಡುಪಿ ಜಿಲ್ಲೆಯವರೇ ಆದ ಮುಳುಗುತಜ್ಞ ಈಶ್ವರ್ ಮಲ್ಪೆ ಮತ್ತು ತಂಡ ಅಲ್ಲಿ ಹೊಳೆಗೆ ಇಳಿದರು. ಕಡಲು, ಹೊಳೆ, ಕೆರೆ, ಬಾವಿ ಎಲ್ಲೇ ಅವಘಡವಾದರೂ ಕರೆ ಬಂದ ಕೂಡಲೇ ಹೊರಡುವವರು ಎಂದು ಈಶ್ವರ್ ಮಲ್ಪೆ ಕರಾವಳಿಗೆಲ್ಲ ಪರಿಚಿತರು.

ಸೋನಾರ್, ರಾಡಾರ್ ಬಳಸಿ ಲಾರಿ ಇರಬಹುದಾದ ಜಾಗ ಗುರುತಿಸಿದರೂ ಮಳೆಗಾಲದ ಸೆಳೆತ, ಮೇಲೆ ಬಿದ್ದ ಮಣ್ಣಿನ ರಾಶಿ ದಾಟಿ ತಳ ಮುಟ್ಟಲು ಆಗಲಿಲ್ಲ. ಗೋವಾದಿಂದ ಡ್ರೆಜರ್ ತರಿಸಿ ಮಣ್ಣು ತೆಗೆದ ಮೇಲೆ, ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬಂತು. ಎರಡು ತಿಂಗಳು ಕಳೆದಿತ್ತು. ಸೆಳೆತ ಜೋರಿದ್ದಾಗ 'ಇಳಿಯುವುದಿಲ್ಲ' ಎನ್ನುವುದು ಹೇಡಿತನವಲ್ಲ, ಅದು ಮುಳುಗುಶಾಸ್ತ್ರದ ಮೊದಲ ಪಾಠ. ಕಾಯುವ ಮನೆಯವರ ಸಂಕಟ ದೊಡ್ಡದೇ. ಆದರೆ ಒತ್ತಡಕ್ಕೆ ಇಳಿಸಿ ಇನ್ನೊಂದು ಮನೆಗೆ ಅದೇ ಸಂಕಟ ತರಬಾರದು.

ಮೇಲೆ ಬರುವಾಗ ಅವಸರ ಬೇಡ

ಸ್ಕೂಬಾದಲ್ಲಿ ಇಳಿಯುವುದಕ್ಕಿಂತ ಏರುವುದು ಸೂಕ್ಷ್ಮ. 10 ಮೀಟರ್ ಆಳದಲ್ಲಿ ಎಳೆದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶದಲ್ಲಿ ಅದು ಎರಡು ಪಟ್ಟು ಹಿಗ್ಗುತ್ತದೆ. ಜೀವಕ್ಕೆ ಅಪಾಯ. ಆದ್ದರಿಂದ ಉಸಿರು ಕಟ್ಟಬಾರದು, ನಿಮಿಷಕ್ಕೆ 9-10 ಮೀಟರಿಗಿಂತ ವೇಗವಾಗಿ ಏರಬಾರದು, 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಬರಬೇಕು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಅವಸರದಲ್ಲಿ ಏರಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗಿ ಸಂಧಿ, ನರ, ಮಿದುಳಿಗೆ ತೊಂದರೆ ಕೊಡುತ್ತದೆ.

ಇದೇ ಕಾರಣಕ್ಕೆ ಡೈವಿಂಗ್ ಮುಗಿಸಿ ವಿಮಾನ ಹತ್ತಲು ಕನಿಷ್ಠ 12ರಿಂದ 18 ಗಂಟೆ ಕಾಯಬೇಕು ಎನ್ನುತ್ತಾರೆ. ಘಾಟಿ ಹತ್ತುವುದೂ ಎತ್ತರಕ್ಕೆ ಹೋದಂತೆಯೇ. ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಇಳಿದು ಮಧ್ಯಾಹ್ನವೇ ಘಾಟಿ ಹತ್ತಿ ಬೆಂಗಳೂರಿಗೆ ಹೊರಡುವವರು ತಮ್ಮ ತರಬೇತುದಾರರನ್ನು ಕೇಳಿಯೇ ಹೊರಡಬೇಕು.

ಕೊಳಕು ನೀರಿನ ಕಾಯಿಲೆಯನ್ನೂ ಮರೆಯುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಇಲಿಜ್ವರ ಹೊಸದಲ್ಲ. ಕಾಲಿನ ಸಣ್ಣ ಗಾಯದ ಮೂಲಕವೂ ರೋಗಾಣು ಸೇರಬಹುದು. ಕೆರೆಗಿಳಿದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ವೈದ್ಯರಿಗೆ 'ನೀರಿಗೆ ಇಳಿದಿದ್ದೆ' ಎಂದು ಮೊದಲು ಹೇಳಬೇಕು.

ತಳದಲ್ಲಿ ಅಡಗಿದ ಊರುಗಳು

ನೀರಿನ ತಳ ಅಂದರೆ ದುಃಖದ ಕತೆ ಮಾತ್ರ ಅಲ್ಲ. ಘಟ್ಟದ ಮೇಲೆ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಅದಕ್ಕಿಂತ ಹಳೆಯ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು. ನೀರು ಇಳಿದ ಬೇಸಿಗೆಯಲ್ಲಿ ಅದು ಇವತ್ತಿಗೂ ಮೇಲೆ ಕಾಣುತ್ತದೆ. ಕನ್ನಂಬಾಡಿಯಲ್ಲಿ ಮುಳುಗಿದ್ದ ವೇಣುಗೋಪಾಲ ಸ್ವಾಮಿ ದೇವಸ್ಥಾನದ ಕಲ್ಲುಗಳನ್ನು ನೀರು ಇಳಿದಾಗ ತೆಗೆದು ಬೇರೆ ಕಡೆ ಮತ್ತೆ ಕಟ್ಟಲಾಯಿತು. ಭಾರತದಲ್ಲಿ ನೀರಿನಡಿಯ ಪುರಾತತ್ವಕ್ಕೆ ದಾರಿ ಹಾಕಿದ, 1980ರ ದಶಕದಲ್ಲಿ ದ್ವಾರಕೆಯ ಕಡಲ ತಳದ ಶೋಧನೆ ನಡೆಸಿದ ಎಸ್. ಆರ್. ರಾವ್ ಕನ್ನಡಿಗರೇ.

ನಮ್ಮ ಕೆರೆಗಳ ತಳ ನೋಡಲು ಸ್ಕೂಬಾ ಬೇಕಾಗಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನೀರು ತಗ್ಗಿದಾಗ, ಹೂಳೆತ್ತುವಾಗ ತಳ ತಾನೇ ಕಾಣುತ್ತದೆ. ಎಲ್ಲಿ ಗುಂಡಿ, ಎಲ್ಲಿ ಕೆಸರು, ಎಲ್ಲಿ ಕಲ್ಲು ಎಂದು ಪಂಚಾಯತ್, ಯುವಕ ಮಂಡಲದವರು ಆಗಲೇ ಅಳತೆ ಮಾಡಿ ಫೋಟೋ ಸಮೇತ ಬರೆದಿಟ್ಟರೆ, ಮಳೆಗಾಲದಲ್ಲಿ ಹುಡುಕಲು ಬರುವ ತಂಡಕ್ಕೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಮೊದಲ ಐದು ನಿಮಿಷ ದಡದಲ್ಲಿದ್ದವರದ್ದು

ಮಿದುಳಿಗೆ ಆಕ್ಸಿಜನ್ ಸಿಗದೆ ನಾಲ್ಕರಿಂದ ಆರು ನಿಮಿಷ ಕಳೆದರೆ ಹಾನಿ ಶುರುವಾಗುತ್ತದೆ. ಎಷ್ಟೇ ಹತ್ತಿರದಿಂದ ಬಂದರೂ ಸ್ಕೂಬಾ ತಂಡ ಅಷ್ಟರೊಳಗೆ ಮುಟ್ಟುವುದು ಅಪರೂಪ. ಕಟುವಾಗಿ ಹೇಳುವುದಾದರೆ ಸ್ಕೂಬಾ ಬಹುಪಾಲು ಹುಡುಕುವ ಸಾಧನ. ಬದುಕಿಸುವ ಅವಕಾಶ ಇರುವುದು ದಡದಲ್ಲಿ ನಿಂತವರಿಗೆ.

ಹಾರಬೇಡಿ: ಮುಳುಗುವವರು ಗಾಬರಿಯಲ್ಲಿ ಹಿಡಿದವರನ್ನೂ ಎಳೆಯುತ್ತಾರೆ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋಗುವುದು ಹೀಗೆ.

ಚಾಚಿ, ಎಸೆಯಿರಿ: ದೋಟಿ, ಬಿದಿರು ಗಳ, ಸೀರೆ, ಲುಂಗಿ, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಟ್ಯೂಬ್, ಜೋಡಿ ಕಟ್ಟಿದ ಒಣ ತೆಂಗಿನಕಾಯಿ ಯಾವುದೂ ಆದೀತು. ಮಲಗಿಕೊಂಡು ಚಾಚಿದರೆ ನೀವು ಜಾರುವುದಿಲ್ಲ.

ಗುರುತು ಹಿಡಿಯಿರಿ: ಕೊನೆಗೆ ಕಂಡ ಜಾಗದ ನೇರಕ್ಕೆ ಆಚೆ ದಡದ ಮರವೋ ಕಂಬವೋ ಗುರುತಿಸಿ, ನಿಂತ ಜಾಗಕ್ಕೆ ಕಲ್ಲು ಇಡಿ. ಇನ್ನೊಬ್ಬರು ಬೇರೆ ಬದಿಯಿಂದ ಹೀಗೇ ಮಾಡಲಿ. ಎರಡು ಗೆರೆ ಕೂಡುವಲ್ಲಿ ಹುಡುಕಾಟ ಶುರುವಾಗಬೇಕು. ಕಡಲಿನಲ್ಲಿ ಮೀನಿನ ಜಾಗ ನೆನಪಿಡಲು ಮೀನುಗಾರರು ಬಳಸುವ ಲೆಕ್ಕವೇ ಇದು.

ಕರೆ ಮಾಡಿ: ತುರ್ತು ಸೇವೆ 112, ಅಗ್ನಿಶಾಮಕ 101, ಕಡಲು-ಅಳಿವೆಯಾದರೆ ಕರಾವಳಿ ಕಾವಲು ಪೊಲೀಸ್ 1093.

ಮೇಲೆ ತಂದ ಮೇಲೆ: ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಬೇಡ. ಉಸಿರು ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತುವ ಸಿಪಿಆರ್ ಕೂಡಲೇ ಶುರು ಮಾಡಿ, ವೈದ್ಯಕೀಯ ನೆರವು ಬರುವ ತನಕ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಮುಳುಗು ಕಲಿಯಬೇಕೆಂಬ ಆಸಕ್ತಿ ಇದ್ದವರಿಗೆ ಮಾನ್ಯತೆ ಇರುವ ಸಂಸ್ಥೆಗಳ ಮೊದಲ ಹಂತದ ಕೋರ್ಸ್ ಇದೆ. ಅದನ್ನು ಮುಗಿಸಿದವರಿಗೂ 18 ಮೀಟರ್ ತನಕ ಮಾತ್ರ ಅವಕಾಶ, ಅದೂ ಜೊತೆಗಾರನೊಂದಿಗೆ. ಕೆಸರು ನೀರಿನ ಹುಡುಕಾಟಕ್ಕೆ ಅದರ ಮೇಲೆ ಬೇರೆಯೇ ತರಬೇತಿ ಬೇಕು. ಅಸ್ತಮಾ, ಹೃದಯ, ಕಿವಿಯ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು.

ಮನೆಯಲ್ಲಿ ಮಕ್ಕಳಿಗೆ 'ಕೋರೆ ಬದಿಗ್ ಹೋಪುಕಾಗ' ಎಂದು ಗದರಿದರೆ ಸಾಲದು. ಈಜು ಕಲಿಸಬೇಕು, ಬಿಟ್ಟ ಕೋರೆಗೆ ಬೇಲಿ ಹಾಕಿಸಬೇಕು, ಪ್ರತಿ ಕೆರೆಯ ಕಟ್ಟೆಯಲ್ಲಿ ಒಂದು ಉದ್ದ ಹಗ್ಗ ಕಟ್ಟಿದ ಟ್ಯೂಬ್ ತೂಗಿಸಿಡಬೇಕು. ದೊಡ್ಡ ಖರ್ಚಿನ ಕೆಲಸ ಇದ್ಯಾವುದೂ ಅಲ್ಲ, ಮಳೆ ಹಿಡಿಯುವ ಮೊದಲೇ ಮುಗಿಸಬಹುದು.